ಒರೆಸಿದ ನೆಲವನ್ನೇ ಎಷ್ಟು ಸಲ ಒರೆಸಲಿ?

ಪ್ರಶ್ನೆ: ಮಗಳಿಗೆ ಮೂವತ್ತೊಂದು. ನಾಲ್ಕು ಸಂಬಂಧ ಕೈತಪ್ಪಿದವು. ಯಾರೋ ಮಾಟ ಮಾಡಿಸಿದ್ದಾರೆ ಎಂದು ನೆಂಟರೊಬ್ಬರು ಮಂತ್ರ ಬಲ್ಲವರ ಹತ್ತಿರ ಕರೆದೊಯ್ದರು. ಅವರು ತಾಮ್ರದ ತಗಡಿನ ಯಂತ್ರ ಕೊಟ್ಟು, ಒಂದು ಮಂಡಲ, 48 ದಿನ, ಮಡಿಯಲ್ಲಿ 108 ಸಲ ಜಪ ಮಾಡಿ, ಕೋಣೆ ಶುದ್ಧವಿರಲಿ, ತಪ್ಪಿದರೆ ತಿರುಗುಬಾಣ ಎಂದರು. ಇಪ್ಪತ್ತು ದಿನವಾಯಿತು. ನೆಲ ಒರೆಸಿದಷ್ಟೂ ಸಾಲದು ಅನಿಸುತ್ತದೆ. ಒಂದು ಕೂದಲು ಕಂಡರೂ ಮತ್ತೆ ಸ್ನಾನ. ಮೂರೂವರೆಗೆ ಎದ್ದರೂ ಜಪಕ್ಕೆ ಕೂರುವಾಗ ಎಂಟು. ನನ್ನ ತಪ್ಪಿನಿಂದ ಮಗಳಿಗೆ ಏನಾದರೂ ಆದರೆ?
– ಹೆಸರು ಬೇಡ, ಹಾವೇರಿ

ಉತ್ತರ: ಏನೂ ಆಗುವುದಿಲ್ಲ ತಾಯಿ. ನೆಲದ ಮೇಲಿನ ಕೂದಲಿಗೂ ಮಗಳ ಬದುಕಿಗೂ ಸಂಬಂಧವಿಲ್ಲ. ಮಾಟದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆ ವಾದ ಇವತ್ತು ಬೇಡ, ನೀವು ನಂಬಿದ ಶಾಸ್ತ್ರದ ಕಡೆಯಿಂದಲೇ ನೋಡೋಣ.

ಪೂಜೆಗೆ ಕೂರುವವರು ಏನು ಮಾಡುತ್ತಾರೆ ಎಂದು ನೆನಪಿಸಿಕೊಳ್ಳಿ. ಗುಡಿಸಿ, ಸಾರಿಸಿ, ಎರಡೆಳೆ ರಂಗೋಲಿ ಎಳೆದು ಮಣೆ ಹಾಕುತ್ತಾರೆ. ಅಂಗೈಯ ನೀರನ್ನು ಮೂರು ಸಲ ಗುಟುಕರಿಸಿ ಆಚಮನ ಮಾಡುತ್ತಾರೆ. ದೇವರು ಬರಲಿ, ರಾಕ್ಷಸರು ತೊಲಗಲಿ ಎಂದು ಗಂಟೆ ಬಾರಿಸುತ್ತಾರೆ. ದಿಗ್ಬಂಧನಕ್ಕೆ ತಲೆಯ ಸುತ್ತ ಚಿಟಿಕೆ ಹೊಡೆಯುವವರೂ ಉಂಟು. ಆಮೇಲೆ ಸಂಕಲ್ಪ: ಯಾವ ಊರಲ್ಲಿ, ಯಾವ ತಿಥಿಯಲ್ಲಿ, ಯಾವುದಕ್ಕಾಗಿ ಕೂತಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು. ಇಷ್ಟಾದರೆ ತಯಾರಿ ಮುಗಿಯಿತು. ಆಚಮನ ಮೂರೇ ಸಲ, ನಾಲ್ಕನೆಯದಿಲ್ಲ. ಕೊನೆಗೆ ಮಂತ್ರ, ಕ್ರಿಯೆ, ಭಕ್ತಿಯಲ್ಲಿ ಕೊರತೆಯಾಗಿದ್ದರೆ ಮನ್ನಿಸು ಎಂದು ಕ್ಷಮಾಪ್ರಾರ್ಥನೆ. ತಪ್ಪು ಮಾಡಿದವರು ಮಾತ್ರ ಹೇಳುವುದಲ್ಲ ಅದು. ನಲವತ್ತು ವರ್ಷ ಪೂಜೆ ಮಾಡಿದ ಪುರೋಹಿತರೂ ಹೇಳುತ್ತಾರೆ. ತಪ್ಪಾಗುತ್ತದೆ ಎಂದು ಗೊತ್ತಿದ್ದವರೇ ಈ ವಿಧಿ ಕಟ್ಟಿದ್ದಾರೆ. ತಿರುಗುಬಾಣದ ಮಾತು ಹೇಳಿದವರು ಇದನ್ನು ಹೇಳಲಿಲ್ಲ, ನೋಡಿ.

ನಿಮ್ಮ ತಯಾರಿಗೆ ಕೊನೆಯಿಲ್ಲ. ನನಗೆ ಕಳವಳವಾಗಿದ್ದು ಅದಕ್ಕೇ. ಕೊಳೆಯಿಲ್ಲ ಎಂದು ಗೊತ್ತಿದ್ದೂ ಒರೆಸದೆ ಇರಲಾಗದಿದ್ದರೆ, ಒರೆಸಿದ ಮೇಲೂ ಸಮಾಧಾನ ಹತ್ತು ನಿಮಿಷ ನಿಲ್ಲದಿದ್ದರೆ, ಅದು ಗೀಳು ಕಾಯಿಲೆ ಇರಬಹುದು. ಮೊದಲೂ ಬೀಗ, ಗ್ಯಾಸ್ ಸಿಲಿಂಡರನ್ನು ಮತ್ತೆಮತ್ತೆ ನೋಡುವ ಅಭ್ಯಾಸವಿತ್ತೇ? ಇದ್ದರೆ ವೈದ್ಯರಿಗೆ ಅದನ್ನೂ ಹೇಳಿ. ಮಡಿಯ ಹೆಸರಲ್ಲಿ ಬರುವ ಗೀಳು ಮನೆಯವರ ಕಣ್ಣಿಗೆ ಬೇಗ ಬೀಳುವುದಿಲ್ಲ. ಎಷ್ಟು ಶ್ರದ್ಧೆ ಎಂದು ಹೊಗಳಿಬಿಡುತ್ತಾರೆ!

ನಾಳೆ ನೆಲ ಒಂದೇ ಸಲ ಒರೆಸಿ, ಬಟ್ಟೆ ಹಿಂಡಿ ಹೊರಗೆ ಒಣಹಾಕಿ. ಇನ್ನೊಂದು ಸಲ ಎಂದು ಕೈ ತುರಿಸುತ್ತದೆ, ಎದೆ ಡವಗುಟ್ಟುತ್ತದೆ. ಏಳಬೇಡಿ. ಆ ತಳಮಳ ಏರಿ, ತುಸು ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ‘ಶುದ್ಧ ಆಯ್ತಾ?’ ಎಂದು ಮನೆಯವರನ್ನು ಕೇಳಬೇಡಿ, ಕೇಳಿದರೂ ಅವರು ಉತ್ತರ ಕೊಡದಿರಲಿ. ಗೀಳಿನ ಚಿಕಿತ್ಸೆಯಲ್ಲೂ ಇದೇ ಅಭ್ಯಾಸವನ್ನು ಹಂತಹಂತವಾಗಿ ಮಾಡಿಸುತ್ತಾರೆ. ಮಾತ್ರೆಗಳೂ ಇವೆ, ಗುಣ ಕಾಣಲು ಕೆಲವು ವಾರ ಬೇಕು. ಒಬ್ಬರಿಗೇ ಕಷ್ಟವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಯಂತ್ರ ಕೊಟ್ಟವರು ಪರಿಹಾರಕ್ಕೆಂದು ಮತ್ತೆ ಹಣ ಕೇಳಿದರೆ ಕೊಡಬೇಡಿ. 48 ದಿನ ಪೂರೈಸಲೇಬೇಕು ಅನಿಸಿದರೆ ಪೂರೈಸಿ, ದಿನಕ್ಕೆ ಅರ್ಧ ಗಂಟೆ, ತಯಾರಿಯೂ ಸೇರಿ.

ಒಂದು ಮಾತು ಉಳಿಯಿತು. ಇಷ್ಟುದ್ದದ ಪತ್ರದಲ್ಲಿ ಮಗಳು ಏನನ್ನುತ್ತಾಳೆ ಎಂಬುದಿಲ್ಲ. ಆ ನಾಲ್ಕು ಸಂಬಂಧಗಳಲ್ಲಿ ಎಷ್ಟು ಅವಳಿಗೆ ಇಷ್ಟವಿದ್ದವು? ನಾಳೆ ನೆಲ ಒರೆಸುವುದು ಬೇಗ ಮುಗಿಯುತ್ತದಲ್ಲ, ಅವಳ ಜೊತೆ ಕೂತು ಚಹಾ ಕುಡಿಯುತ್ತಾ ಕೇಳಿ.