ಫೋನ್ ಕೊಡಿಸಿದರೆ ಸಾಲದು

ಮನೆಯಲ್ಲಿರುವ ಅಂಗವಿಕಲರಿಗೆ ಒಳ್ಳೆಯ ಸ್ಮಾರ್ಟ್‌ಫೋನ್ ಕೊಡಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಇನ್ನೊಬ್ಬರ ಕೈ ಕಾಯದೆ ತಮ್ಮ ಕೆಲಸ ತಾವೇ ಮಾಡಿಕೊಂಡಾಗಲೇ ಯಾರಿಗೇ ಆಗಲಿ ಬದುಕು ಹಿತವೆನಿಸುವುದು. ಕಣ್ಣು ಕಾಣದವರು ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡರೆ, ಬೆರಳಿಟ್ಟ ಕಡೆ ಏನಿದೆಯೆಂದು ಫೋನು ಕನ್ನಡದಲ್ಲೇ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಂಡು ತಾವೇ ಯುಪಿಐ ಮಾಡಬಹುದು. ಖಾತೆಯಲ್ಲಿ ಎಷ್ಟಿದೆಯೆಂದು ಮಗನಿಗೂ ತಿಳಿಯದಂತೆ ನೋಡಿಕೊಳ್ಳಬಹುದು. ಈ ಗುಟ್ಟಿನ ಸುಖ ಸಣ್ಣದಲ್ಲ! ಆದರೆ ಆ್ಯಪ್ ಮಾಡಿದವರು ಗುಂಡಿಗೆ ಹೆಸರೇ ಕೊಟ್ಟಿರದಿದ್ದರೆ ಟಾಕ್‌ಬ್ಯಾಕ್ ಬರೀ ‘ಬಟನ್’ ಎಂದು ಸುಮ್ಮನಾಗುತ್ತದೆ. ಗುರುತು ಖಚಿತಪಡಿಸುವ ಕೆವೈಸಿಗೆ ಕಣ್ಣು ಮಿಟುಕಿಸಿ ಎಂದರೆ, ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ಇಂಥವರ ಅರ್ಜಿಯ ಮೇಲೆಯೇ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಕೈಗೆಟಕುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು.

ಫೋನು ಸಿಕ್ಕರೆ ಅಂಗವಿಕಲರು ಮನೆ ಬಿಟ್ಟು ಹೊರಡುವುದೇ ಇಲ್ಲ ಎನ್ನುವವರಿದ್ದಾರೆ. ಬನಶಂಕರಿ ಮೆಟ್ರೊದಲ್ಲಿ ಲಿಫ್ಟ್ ಇದೆ. ಆದರೆ ಅಲ್ಲಿಗೆ ಹೋಗುವ ಫುಟ್‌ಪಾತಿನ ಮೇಲೆ ಬೈಕ್ ನಿಂತಿರುತ್ತದೆ. ಅವರನ್ನು ಒಳಗೆ ಕೂರಿಸಿದ್ದು ಫೋನೋ ಬೈಕೋ ನೀವೇ ಹೇಳಿ. ಅವರು ಫೋನಿನಲ್ಲಿ ತಡವರಿಸುವಾಗ ‘ಕೊಡಿ, ನಾನೇ ಮಾಡ್ತೀನಿ’ ಎಂದು ಕಿತ್ತುಕೊಳ್ಳಬೇಡಿ. ಕೇಳಿದಾಗ ಹೇಳಿಕೊಡಿ. ಪಿನ್ ಮಾತ್ರ ಕೇಳಬೇಡಿ.