ಆಳದ ಬಸ್ಕಿಗೆ ಹಿಮ್ಮಡಿಯ ಆಸರೆ
ಬಸ್ಕಿ ಹೊಡೆಯುವಾಗ ತೊಡೆ ನೆಲಕ್ಕೆ ಸಮವಾಗುವ ಮೊದಲೇ ಹಿಮ್ಮಡಿ ಮೇಲೇಳುತ್ತದೆಯೇ? ಅನೇಕರು ಮಂಡಿಯನ್ನು ದೂರುತ್ತಾರೆ. ಬಿಗಿ ಇರುವುದು ಬಹಳ ಸಲ ಪಾದದ ಕೀಲಿನಲ್ಲಿ.

ಪರೀಕ್ಷಿಸುವುದು ಸುಲಭ. ಹೆಬ್ಬೆರಳನ್ನು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ತಾಗದಿದ್ದರೆ ಹತ್ತಿರದಿಂದ ಶುರುಮಾಡಿ ದಿನವೂ ಇದನ್ನೇ ಅಭ್ಯಾಸ ಮಾಡುವುದು ಒಳ್ಳೆಯದು. ವೇಟ್‌ಲಿಫ್ಟರ್‌ಗಳ ಬೂಟಿನ ಹಿಮ್ಮಡಿ ಎತ್ತರವಿರುವುದೂ ಈ ಬಿಗಿಯ ತೊಡಕನ್ನು ತುಸು ತಗ್ಗಿಸಲೆಂದೇ. ಮನೆಯಲ್ಲಾದರೆ ಹಿಮ್ಮಡಿಯಡಿಗೆ ತೆಳುವಾದ, ಜಾರದ ಹಲಗೆ ಸಾಕು.

ಕಿಟಕಿಯ ಸರಳು ಹಿಡಿದು ಅರ್ಧ ನಿಮಿಷ ಕುಕ್ಕರಗಾಲಲ್ಲಿ ಕೂರುವುದು ಇನ್ನೂ ಮೇಲು. ಸೊಂಟವೂ ಸಡಿಲಾಗುತ್ತದೆ.

ಇಳಿಯುವಾಗ ಮಂಡಿ ಕಾಲ್ಬೆರಳುಗಳ ದಿಕ್ಕಿಗೇ ಬಾಗಲಿ, ಬೆನ್ನು ಗೂನಾಗದಿರಲಿ. ಚುಚ್ಚುವ ನೋವು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಗರಡಿಮನೆಯ ಪೈಲ್ವಾನರು ಹೆಚ್ಚಾಗಿ ಮೈಭಾರದಲ್ಲೇ ಬಸ್ಕಿ ಹೊಡೆದು ಕಾಲು ಗಟ್ಟಿಮಾಡಿಕೊಂಡವರು. ಆಳ ಒಗ್ಗುವವರೆಗೆ ಕಬ್ಬಿಣದ ಬಾರನ್ನು ಹೆಗಲಿಗೇರಿಸಬೇಡಿ.