ಮಗಳನ್ನು ಮಿಲ್ಲಿಗೆ ಕಳುಹಿಸುವ ಮುನ್ನ



ಕಳೆದ ಸಂಚಿಕೆಯಲ್ಲಿ ಅರಿಶಿನದ ಗೆಡ್ಡೆಕೊಳೆಯ ಬಗ್ಗೆ ಬರೆದಿದ್ದೆವು. ಎಲೆ ಹಳದಿಯಾಗಿ ಕಣ್ಣಿಗೆ ಬೀಳುವಷ್ಟರಲ್ಲಿ ನೆಲದೊಳಗೆ ಗೆಡ್ಡೆ ಕೊಳೆತಿರುತ್ತದೆ, ಆದುದರಿಂದ ಅಗೆದು ನೋಡಬೇಕು ಎಂದಿದ್ದೆವು. ಈ ತಿಂಗಳು ನಮ್ಮ ಮನೆಗಳಿಗೇ ತಗಲುವ ಅಂತಹದೊಂದು ರೋಗದ ವಿಚಾರ ತಿಳಿಯೋಣ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಾನವ ಸಾಗಾಣಿಕೆ ಎಂದ ಕೂಡಲೇ ನಾವು ಮುಂಬಯಿ, ದೆಹಲಿಯ ಕಡೆಗೆ ಬೆರಳು ತೋರಿಸುತ್ತೇವೆ. ನಮ್ಮ ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಸಿಗುವ ಬಯಲಿನಲ್ಲೂ ಅದು ಇದೆ. ಅಲ್ಲಿಗೆ ಅದು ಮಕ್ಕಳನ್ನು ಕದ್ದೊಯ್ಯುವುದಿಲ್ಲ. ಹಗಲು ಹೊತ್ತಿನಲ್ಲಿ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ನಮ್ಮ ಒಪ್ಪಿಗೆ ಪಡೆದೇ ಕರೆದೊಯ್ಯುತ್ತದೆ.

ಮೊದಲು ನಮ್ಮದೇ ತಪ್ಪು

ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾವಿದ್ದೆವು. ಮಳೆ ಕೈಕೊಟ್ಟ ವರ್ಷ. ಭಾನುವಾರದ ಪೂಜೆ ಮುಗಿದ ಮೇಲೆ ದಲ್ಲಾಳಿಯೊಬ್ಬ ಬಂದು, ಮೂವರು ಹುಡುಗಿಯರಿಗೆ ನೂಲಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ, ವಯಸ್ಸಿನ ದಾಖಲೆಗಾಗಿ ಜ್ಞಾನಸ್ನಾನದ ಪತ್ರ ಬೇಕು ಎಂದನು. ಬಡ ಮಕ್ಕಳಿಗೆ ಒಂದು ದಾರಿಯಾಯಿತಲ್ಲ ಎಂದು ಸಂತೋಷದಿಂದಲೇ ಬರೆದುಕೊಟ್ಟೆವು. ಅವರಲ್ಲಿ ಒಬ್ಬಳಿಗೆ ಇನ್ನೂ 16 ತುಂಬಿರಲಿಲ್ಲ. ಹುಟ್ಟಿದ ದಿನವನ್ನು ನಮ್ಮ ಕೈಯೇ ಬರೆಯಿತು, ಆದರೆ ನಮ್ಮ ಬುದ್ಧಿ ಅದನ್ನು ಓದಲಿಲ್ಲ. ಎಂಟು ತಿಂಗಳಿಗೆ ಆಕೆ ಸೊರಗಿ, ಕೆಮ್ಮುತ್ತಾ ಹಿಂದಿರುಗಿದಳು. ‘ಹುಷಾರಿಲ್ಲವಂತೆ’ ಎಂದು ಊರು ಸುಮ್ಮನಾಯಿತು, ನಾವೂ ಸುಮ್ಮನಾದೆವು. ಕೊನೆಗೆ ಕಾನ್ವೆಂಟಿನ ಸಿಸ್ಟರ್ ಒಬ್ಬರು ಆಕೆಯನ್ನು ಒಬ್ಬಳೇ ಕೂರಿಸಿಕೊಂಡು ವಿಚಾರಿಸಿದಾಗ ಎಲ್ಲವೂ ಹೊರಬಂತು: ರಾತ್ರಿ ಪಾಳಿ, ಬೀಗ ಹಾಕಿದ ಹಾಸ್ಟೆಲು, ಮೇಲ್ವಿಚಾರಕನ ಕೈ. ನಡುವೆ ಬಿಟ್ಟು ಬಂದುದರಿಂದ ಒಪ್ಪಿಕೊಂಡಿದ್ದ ಹಣವೂ ಕೈಗೆ ಬರಲಿಲ್ಲ.

‘ಸುಮಂಗಲಿ’ ಎಂಬ ಒಳ್ಳೆಯ ಹೆಸರು

ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡುಗಲ್ಲು ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ನೂಲಿನ ಮಿಲ್ಲುಗಳಿವೆ. ಇವುಗಳಲ್ಲಿ ಹಲವು ಹಿಂದೆ ‘ಸುಮಂಗಲಿ’, ‘ಮಾಂಗಲ್ಯ ತಿಟ್ಟಂ’, ‘ತಿರುಮಗಳ್ ತಿರುಮಣ ತಿಟ್ಟಂ’ ಎಂಬ ಹೆಸರಿನ ಯೋಜನೆಗಳ ಮೂಲಕ ಹುಡುಗಿಯರನ್ನು ಸೇರಿಸಿಕೊಂಡವು. ಹೇಳುವಾಗ ಚೆಂದವೇ: ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿ, ಊಟ ವಸತಿ ನಮ್ಮದು, ಕೊನೆಗೆ ಮದುವೆಯ ಖರ್ಚಿಗೆ 30 ಸಾವಿರದಿಂದ 60 ಸಾವಿರ ರೂಪಾಯಿ ಒಟ್ಟಿಗೆ ಸಿಗುತ್ತದೆ. ಆದರೆ ಆ ಮೊತ್ತ ಉಡುಗೊರೆಯಾಗಿರಲಿಲ್ಲ. ಅದು ಆಕೆಯ ಸಂಬಳದಿಂದಲೇ ತಡೆಹಿಡಿದ ಹಣ. ಕಾಯಿಲೆ ಬಿದ್ದು ಎರಡೂವರೆ ವರ್ಷಕ್ಕೆ ಮನೆಗೆ ಬಂದವಳಿಗೆ ಅದೂ ಇಲ್ಲವಾಗುತ್ತಿತ್ತು. ಫಸಲನ್ನೆಲ್ಲಾ ಮಂಡಿಯವನ ಹತ್ತಿರ ಇಟ್ಟು, ಮೂರನೆಯ ವರ್ಷ ಬಂದರೆ ಲೆಕ್ಕ ಹೇಳುತ್ತೇನೆ, ಬರದಿದ್ದರೆ ಇಲ್ಲ ಎಂದರೆ ನಮ್ಮಲ್ಲಿ ಯಾವ ರೈತ ಒಪ್ಪಿಯಾನು?

ಅಧ್ಯಯನಗಳು ಹೇಗೆ ನಡೆದವು

ಈ ಸಂಗತಿಗಳನ್ನು ಲೋಕಕ್ಕೆ ತಿಳಿಸಿದವರು ತಮಿಳುನಾಡಿನ ಸ್ಥಳೀಯ ಸಂಘಟನೆಗಳವರು, ಪತ್ರಕರ್ತರು ಮತ್ತು ಸಂಶೋಧಕರು. ನೆದರ್ಲೆಂಡ್ಸ್ ದೇಶದ ಸೋಮೋ ಹಾಗೂ ಇಂಡಿಯಾ ಕಮಿಟಿ ಎಂಬ ಸಂಸ್ಥೆಗಳು 2011ರಲ್ಲಿ ಮೊದಲ ವರದಿಯನ್ನೂ 2014ರಲ್ಲಿ ಮತ್ತೊಂದನ್ನೂ ಪ್ರಕಟಿಸಿದವು. ಎರಡನೆಯ ವರದಿಗಾಗಿ ಐದು ಮಿಲ್ಲುಗಳ 151 ಕೆಲಸಗಾರರನ್ನು ಮಾತನಾಡಿಸಿದ್ದರು. ಸೇರುವಾಗ 18 ತುಂಬದವರು ಅವರಲ್ಲಿ ಅನೇಕರಿದ್ದರು. ಕರಾರಿನ ಪ್ರತಿ ಕೈಯಲ್ಲಿಲ್ಲದಿರುವುದು, ಉದ್ದನೆಯ ಪಾಳಿ, ಹಾಸ್ಟೆಲಿನಿಂದ ಹೊರಗೆ ಹೋಗಲು ತಡೆ, ಇವೇ ಮತ್ತೆ ಮತ್ತೆ ಕೇಳಿಬಂದ ದೂರುಗಳು. 2019ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಷನ್ನಿನ ಪತ್ರಕರ್ತರು ತಮಿಳುನಾಡಿನ ಸುಮಾರು 100 ಮಂದಿ ಗಾರ್ಮೆಂಟ್ಸ್ ಹೆಂಗಸರನ್ನು ಕಂಡು ಮಾತನಾಡಿದರು. ಮುಟ್ಟಿನ ನೋವು ಎಂದರೆ ರಜೆ ಕೊಡದೆ, ಹೆಸರಿಲ್ಲದ ಮಾತ್ರೆ ನುಂಗಿಸಿ ಯಂತ್ರದ ಮುಂದೆ ಕೂರಿಸುತ್ತಿದ್ದ ಸಂಗತಿ ಆಗ ಬೆಳಕಿಗೆ ಬಂದಿತು.

ಇಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಮಿಲ್ಲಿನ ಕಚೇರಿಯ ಪುಸ್ತಕ ನೋಡಿದ್ದರೆ ಇದೊಂದೂ ಸಿಗುತ್ತಿರಲಿಲ್ಲ. ದುಡಿದವಳನ್ನೇ ಕೇಳಿ, ಆಕೆ ಹೇಳಿದ್ದನ್ನು ನಂಬಿದಾಗ ಸತ್ಯ ಹೊರಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ದೌರ್ಜನ್ಯದ ಪ್ರಶ್ನೆಗಳನ್ನು ಹೆಂಗಸು ಒಬ್ಬಳೇ ಇರುವಾಗ ಮಾತ್ರ ಕೇಳುತ್ತಾರೆ. ಯಾರಾದರೂ ಒಳಗೆ ಬಂದರೆ ನಿಲ್ಲಿಸುತ್ತಾರೆ. 2019–21ರ ಸಮೀಕ್ಷೆಯ ಪ್ರಕಾರ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೋರಿದವರು ಕೇವಲ ಶೇಕಡಾ 14. ಶೇಕಡಾ 77 ಮಂದಿ ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಂದರೆ ನಮ್ಮ ಮನೆಯಲ್ಲಿ ಯಾರೂ ದೂರು ಹೇಳಿಲ್ಲ ಎಂಬ ಮಾತ್ರಕ್ಕೆ ದೂರೇ ಇಲ್ಲ ಎಂದು ತಿಳಿಯಬಾರದು.

ಆಕೆಯೇ ಒಪ್ಪಿ ಹೋದಳಲ್ಲವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟಿತು. ಹಗ್ಗದಿಂದ ಕಟ್ಟಿದರೆ ಮಾತ್ರ ಬಲವಂತವಲ್ಲ, ಹಸಿವೂ ಕಟ್ಟುತ್ತದೆ ಎಂಬುದು ಆ ತೀರ್ಪಿನ ತಾತ್ಪರ್ಯ. 2013ರ ತಿದ್ದುಪಡಿಯಿಂದ ಮಾನವ ಸಾಗಾಣಿಕೆಗೆ ಕಾನೂನಿನಲ್ಲಿ ಸ್ಪಷ್ಟವಾದ ಅರ್ಥ ಬಂದಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಲ್ಲಿದೆ. ಶೋಷಣೆಗಾಗಿ ಒಬ್ಬರನ್ನು ಬೆದರಿಕೆ, ಮೋಸ ಅಥವಾ ಆಮಿಷದಿಂದ ಸೇರಿಸಿಕೊಂಡರೆ, ಸಾಗಿಸಿದರೆ ಅಪರಾಧ. ಹೋದವಳ ಒಪ್ಪಿಗೆ ಇತ್ತೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 18 ತುಂಬದವಳಾದರೆ ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ.

ಎಲ್ಲ ಮಿಲ್ಲುಗಳೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ನ್ಯಾಯವಾಗಿ ಸಂಬಳ ಕೊಡುವಲ್ಲಿ ದುಡಿದು ಮನೆ ಎತ್ತಿ ನಿಲ್ಲಿಸಿದ ಹೆಣ್ಣುಮಕ್ಕಳು ನಮ್ಮಲ್ಲೇ ಇದ್ದಾರೆ. ಸುಧಾರಣೆಯೂ ಸಾಧ್ಯ. 2021ರ ಜನವರಿಯಲ್ಲಿ ದಿಂಡುಗಲ್ಲು ಜಿಲ್ಲೆಯ ಗಾರ್ಮೆಂಟ್ಸ್ ಒಂದರ 20 ವರ್ಷದ ದಲಿತ ಯುವತಿಯ ಕೊಲೆಯಾಯಿತು, ಆಕೆಯ ಮೇಲ್ವಿಚಾರಕನೇ ಬಂಧಿತನಾದನು. ಅನಂತರ ಹೆಂಗಸರೇ ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಹೋರಾಡಿ, 2022ರ ಏಪ್ರಿಲಿನಲ್ಲಿ ದಿಂಡುಗಲ್ಲು ಒಪ್ಪಂದವನ್ನು ಪಡೆಯಿತು. ಅದರಂತೆ ಕೆಲಸಗಾರ್ತಿಯರ ನಡುವಿನಿಂದಲೇ ಆರಿಸಿ ತರಬೇತಿ ಕೊಟ್ಟವರು ಕಿರುಕುಳವನ್ನು ಗಮನಿಸಿ ವರದಿ ಮಾಡುವ ವ್ಯವಸ್ಥೆಯಾಯಿತು.

ಆರೋಗ್ಯದ ಮಾತು

ಹತ್ತಿಯ ದೂಳು ವರ್ಷಗಟ್ಟಲೆ ಎದೆಗೆ ಹೋದರೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು, ಕೆಮ್ಮು, ಏದುಸಿರು ಅದರ ಗುರುತು. ಮೊದಲ ಹಂತದಲ್ಲೇ ದೂಳಿನಿಂದ ದೂರವಾದರೆ ವಾಸಿಯಾಗುತ್ತದೆ, ತಡವಾದರೆ ಶ್ವಾಸಕೋಶಕ್ಕೆ ಆದ ಹಾನಿ ಹಾಗೇ ಉಳಿಯುತ್ತದೆ. ನೀರು ಕುಡಿಯದೆ, ಮೂತ್ರ ತಡೆದು ನಿಂತು ದುಡಿಯುವವರಿಗೆ ಮೂತ್ರದ ಸೋಂಕು ತಗಲುತ್ತದೆ. ನಿದ್ದೆಗೆಟ್ಟು, ಅರೆಹೊಟ್ಟೆಯಲ್ಲಿದ್ದರೆ ರಕ್ತಹೀನತೆ ಹೆಚ್ಚುತ್ತದೆ, ಮುಟ್ಟು ಏರುಪೇರಾಗುತ್ತದೆ. ಮಗಳು ರಜೆಗೆ ಬಂದಾಗ ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರಿಗೆ ತೋರಿಸಿ, ಮಿಲ್ಲಿನ ಕೆಲಸವೆಂದು ತಪ್ಪದೆ ಹೇಳಿ.

ಕೇಳಬೇಕಾದ ಪ್ರಶ್ನೆಗಳು

ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಗಳನ್ನು ಕಳುಹಿಸುವಾಗ ಇಷ್ಟಾದರೂ ಕೇಳೋಣ:

1. ಮಿಲ್ಲಿನ ಹೆಸರು, ಊರು, ಫೋನ್ ನಂಬರು ಏನು? ದಲ್ಲಾಳಿಗೆ ತಲೆಗೆ ಎಷ್ಟು ಕಮಿಷನ್ ಸಿಗುತ್ತದೆ?
2. ಸಂಬಳ ತಿಂಗಳು ತಿಂಗಳು ಆಕೆಯ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆಯೇ? ‘ಕೊನೆಗೆ ಒಟ್ಟಿಗೆ’ ಎಂದರೆ ಬೇಡವೆನ್ನಿ.
3. ಕರಾರಿನ ಪ್ರತಿ ಕೈಗೆ ಕೊಡುತ್ತಾರೆಯೇ? ಆಧಾರ್, ಮಾರ್ಕ್ಸ್ ಕಾರ್ಡುಗಳ ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ.
4. ದಿನಕ್ಕೆ ಎಷ್ಟು ಗಂಟೆ ಕೆಲಸ? ಪಿ.ಎಫ್., ಇ.ಎಸ್.ಐ. ಉಂಟೇ?
5. ಹಾಸ್ಟೆಲಿನಿಂದ ಹೊರಗೆ ಹೋಗಬಹುದೇ? ಫೋನಿನಲ್ಲಿ ಒಬ್ಬಳೇ ಮಾತನಾಡಬಹುದೇ?
6. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಕಡೆ 2013ರ ಕಾಯಿದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ?

ಮುಂಗಡ ಹಣ ತೆಗೆದುಕೊಳ್ಳಲೇಬೇಡಿ. ಸಾಲಕ್ಕಾಗಿ ಮನುಷ್ಯರನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ. ಆಪತ್ತಿನಲ್ಲಿ ಮಕ್ಕಳಿಗಾಗಿ 1098, ಹೆಂಗಸರಿಗಾಗಿ 181, ಪೊಲೀಸರಿಗೆ 112, ಉಚಿತ ಕಾನೂನು ನೆರವಿಗೆ 15100. ಈ ನಂಬರುಗಳನ್ನು ಹುಡುಗಿಯರು ಬಾಯಿಪಾಠ ಮಾಡಿಕೊಳ್ಳಲಿ.

ಹಿಂದಿರುಗಿ ಬಂದವಳನ್ನು ತಾಯಿಯೋ ಅತ್ತೆಯೋ ಅಕ್ಕನೋ ಒಬ್ಬರೇ ಕುಳಿತು ಮೆಲ್ಲಗೆ ಕೇಳಲಿ. ‘ಏನು ತಪ್ಪು ಮಾಡಿ ಬಂದೆ?’ ಎನ್ನಬೇಡಿ. ‘ಅಲ್ಲಿ ಹೇಗಿತ್ತು ಮಗಳೇ?’ ಎನ್ನಿ. ಹೇಳಿದರೆ ನಂಬಿ. ಆಕೆ ಬೇಡವೆಂದರೆ ಊರಿಗೆಲ್ಲಾ ಹಂಚಬೇಡಿ.

ಕೊನೆಯದಾಗಿ, ಈ ರೋಗದ ಬೇರು ಮಿಲ್ಲಿನಲ್ಲಿ ಮಾತ್ರ ಇಲ್ಲ. ಹುಡುಗಿ ಮೂರು ವರ್ಷ ದೂಳು ಕುಡಿದದ್ದು ವರದಕ್ಷಿಣೆಗಾಗಿ. ಅದನ್ನು ನಿಷೇಧಿಸಿದ ಕಾಯಿದೆ 1961ರದು. ಆದರೂ ಕೇಳುವವರು, ಎಣಿಸಿಕೊಳ್ಳುವವರು ನಮ್ಮ ನಡುವೆಯೇ ಇದ್ದೇವೆ. ಗಂಡಿನ ಮನೆಯವರು ಕೈಚಾಚುವುದನ್ನು ಬಿಟ್ಟ ದಿನ ದಲ್ಲಾಳಿಯ ಅರ್ಧ ಮಾತು ನಿಂತುಹೋಗುತ್ತದೆ.

ನಾವೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಕೆಲಸಕ್ಕಾಗಿ ಜ್ಞಾನಸ್ನಾನದ ಪತ್ರವನ್ನು ದಲ್ಲಾಳಿಯ ಕೈಗೆ ಕೊಡುವುದಿಲ್ಲ. ಹುಡುಗಿಯೂ ತಂದೆತಾಯಿಯೂ ಬಂದು ಕುಳಿತುಕೊಳ್ಳಲಿ. ಮೊದಲು ಹುಟ್ಟಿದ ದಿನಾಂಕವನ್ನು ಗಟ್ಟಿಯಾಗಿ ಓದುತ್ತೇವೆ, ಅನಂತರ ಮೇಲಿನ ಆರು ಪ್ರಶ್ನೆಗಳನ್ನು ಕೇಳುತ್ತೇವೆ. ಉತ್ತರ ಸಿಕ್ಕ ಮೇಲೆ ಸಹಿ.